ಐಸಮ್ ತೋರಿಸಿದ ಸಾಲು

ನನ್ನ ತಾತ ವೈಲಿ ಗಾರೆ ಕೆಲಸದವರು. ಅವರ ಅಣ್ಣ ಐಸಮ್ ಮನೆ ಕಟ್ಟುವವನು. ಟಾಂಬಿಗ್ಬೀ ಹೊಳೆಯ ದಂಡೆಯ ಹತ್ತಿ ತೋಟದಲ್ಲಿ ಗುಲಾಮಗಿರಿಯ ಕಾಲದಲ್ಲಿ ಇಬ್ಬರೂ ಮೇಜರ್ ಟಾಲಿವರ್‌ನ ಗುಲಾಮರು. ಈ ಭಾಗದಲ್ಲಿ ಇಂದಿಗೂ ನಿಂತಿರುವ ಬಿಳಿ ಕಂಬಗಳ ಏಳು ದೊಡ್ಡ ಮನೆಗಳು ಐಸಮ್‌ನ ಕೈಕೆಲಸ.

ಅವನಿಗೆ ಯಾರೂ ಕಲಿಸಲಿಲ್ಲ. ಕೋರ್ಟು ಕಟ್ಟಡದ ಕಂಬಗಳನ್ನು ಗಂಟು ಹಾಕಿದ ದಾರದಿಂದ ಅಳೆದು, ಕಂಬ ಮೇಲೇರುತ್ತ ಎಷ್ಟು ಸಣ್ಣಗಾಗಬೇಕೆಂದು ತಿಳಿದುಕೊಂಡ. ಬಡಗಿಗಳು ತೊಲೆಗಳ ಮೇಲೆ ಉಳಿಯಿಂದ ಕೊರೆಯುವ ಗುರುತುಗಳಿಂದ ಅಂಕಿ ಕಲಿತ; ಹಿಟ್ಟಿನ ಪೀಪಾಯಿಗಳ ಮೇಲಿನ ಬರಹದಿಂದ ಅಕ್ಷರ. ಅಕ್ಷರದ ವಿಷಯ ತಾತನಿಗೆ ಮಾತ್ರ ಗೊತ್ತಿತ್ತು. ಗುಲಾಮನಿಗೆ ಓದು ಬರುತ್ತದೆಂದು ತಿಳಿದರೆ ಚಾವಟಿ, ಇಲ್ಲವೇ ದೂರದೂರಿಗೆ ಮಾರಾಟ. ಹಾಗಾಗಿ ಮನೆ ಕಟ್ಟುವ ಅಳತೆಗಳಿದ್ದ ನಕ್ಷೆಯ ಪುಸ್ತಕವನ್ನು ಯಜಮಾನ ಗಟ್ಟಿಯಾಗಿ ಓದುತ್ತಿದ್ದ, ಐಸಮ್ ಏನೂ ತಿಳಿಯದವನಂತೆ ತಲೆಯಾಡಿಸುತ್ತಿದ್ದ.

ಮೇಜರ್ ತನಗೇ ಮನೆ ಕಟ್ಟಿಸಿದಾಗ ಇಟ್ಟಿಗೆಯ ಆರು ಕಂಬಗಳು ಎದ್ದವು. ಗಾರೆ ಮೆತ್ತುತ್ತ ತಾತ ನಗಾಡಿದರು: "ನೋಡಣ್ಣ, ಕಂಬಕ್ಕೆ ತಲೆಗೆ ಟೋಪಿ, ಕಾಲಿಗೆ ಪೀಠ. ನಮ್ ಕಾಲಿಗೆ ಒಂದ್ ಜೋಡೂ ಇಲ್ಲ."

"ಬಾಯ್ ಮುಚ್ಕೊಂಡು ಮೆತ್ತೋ. ಕಂಬ ನಿನ್ನಷ್ಟು ಮಾತಾಡಲ್ಲ, ಅದಕ್ಕೇ ಆ ಮರ್ಯಾದೆ."

ಕಂಬಗಳ ನೆತ್ತಿಗೆ ತೊಲೆ ಬೇಕಿತ್ತು. ಮರದ ಮಿಲ್ಲಿಗೆ ಚೀಟಿ ಬರೆಯಲು ಮೇಜರ್ ಪುಸ್ತಕ ತೆರೆದು ಓದಿದ: "ಎಂಟಂಗುಲ ದಪ್ಪ."

ಅವನು ಓದಿದ್ದು ಚಿಕ್ಕ ಮನೆಯ ಸಾಲನ್ನು. ಐಸಮ್ ಕೈಕಟ್ಟಿ ಹೇಳಿದ: "ಎಂಟು ಸಾಕಾಗಲ್ಲ ಯಜಮಾನ್ರೇ. ಭಾರ ಜಾಸ್ತಿ ಐತೆ, ಮುರೀತದೆ."

"ಪುಸ್ತಕ ಬರೆದೋನಿಗಿಂತ ನೀನು ದೊಡ್ಡೋನೇನೋ?"

"ಅಲ್ಲ ಯಜಮಾನ್ರೇ. ಆದ್ರೂ ಇನ್ನೊಂದ್ ಸಲ ನೋಡಿ."

"ನೋಡಾಯ್ತು. ಎಂಟು ಅಂದ್ರೆ ಎಂಟೇ."

ಆ ತೊಲೆಯ ಕೆಳಗೆ ಅಟ್ಟಣಿಗೆ ಕಟ್ಟಿಕೊಂಡು ಬೇಸಿಗೆಯಿಡೀ ಗಾರೆ ಮಾಡಬೇಕಾದವರು ತಾತ. ಅವರು ಅಲ್ಲೇ ಸುಣ್ಣ ಕಲಸುತ್ತಿದ್ದರು. ಐಸಮ್ ಒಮ್ಮೆ ತಮ್ಮನ ಕಡೆ ನೋಡಿದ. ಆಮೇಲೆ ಪುಸ್ತಕದ ಮೇಲೆ ಬೆರಳಿಟ್ಟ.

"ನಮ್ದು ಆ ಸಾಲಲ್ಲ ಯಜಮಾನ್ರೇ. ಅದರ ಕೆಳಗಿಂದು. ಹದಿನಾಲ್ಕು."

ಮೇಜರ್ ಬಹಳ ಹೊತ್ತು ಆ ಬೆರಳನ್ನೇ ನೋಡಿದ. "ಹದಿನಾಲ್ಕು ಅಂತ ನಿನಗೆ ಯಾರು ಹೇಳಿದ್ರೋ?"

"ಚಿತ್ರ ನೋಡಿ ಹೇಳ್ದೆ."

ಆ ಪುಟದಲ್ಲಿ ಚಿತ್ರವಿರಲಿಲ್ಲ. ಮೇಜರ್ ಚೀಟಿಯಲ್ಲಿ ಹದಿನಾಲ್ಕು ಎಂದು ಬರೆದ.

ಮನೆ ಮುಗಿಯುವವರೆಗೂ ಅವನು ಆ ಮಾತೆತ್ತಲಿಲ್ಲ. ಗೃಹಪ್ರವೇಶಕ್ಕೆ ಹಂದಿಗಳನ್ನು ಸುಟ್ಟು ಔತಣ ಮಾಡಿದರು. ನಕ್ಷೆ ತನ್ನದೇ ಎಂದು ಮೇಜರ್ ನೆಂಟರಿಗೆ ಹೇಳಿಕೊಂಡ. ಮರುವಾರ ಐಸಮ್‌ನನ್ನು ಟೆಕ್ಸಾಸಿನ ವ್ಯಾಪಾರಿಗೆ ಮಾರಿ, ಸರಪಳಿ ಹಾಕಿ ದೋಣಿ ಹತ್ತಿಸಿದರು. ತಾತ ಹೊಳೆದಂಡೆಯವರೆಗೆ ಓಡಿದರು. ಮಾತಾಡಲು ಬಿಡಲಿಲ್ಲ.

ಗುಲಾಮರಿಗೆಲ್ಲ ಬಿಡುಗಡೆ ಬಂದು ಹದಿನೆಂಟು ವರ್ಷವಾದ ಮೇಲೆ, ನಾನು ಶಾಲೆ ಕಲಿತು ಬಂದಾಗ, ತಾತ ನನ್ನಿಂದ ಪತ್ರಿಕೆಗೆ ಪ್ರಕಟಣೆ ಬರೆಸಿದರು. ಕಳೆದುಹೋದ ನಮ್ಮವರನ್ನು ಹುಡುಕಲು ಎಲ್ಲರೂ ಹಾಗೆ ಬರೆಸುತ್ತಾರೆ. ಚರ್ಚುಗಳಲ್ಲಿ ಅದನ್ನು ಓದಿ ಹೇಳುತ್ತಾರೆ. ನಾನು ಬರೆದೆ: ಹೆಸರು ಐಸಮ್, ಎತ್ತರದ ಆಳು, ಕಂಬದ ಮನೆ ಕಟ್ಟುವವನು, ಓದು ಬಲ್ಲವನು.

ಬರೆದದ್ದನ್ನು ಓದಿ ಹೇಳಿದಾಗ ತಾತ ನನ್ನ ಕೈ ಹಿಡಿದರು.

"ಓದು ಬರುತ್ತೆ ಅಂತ ಹಾಕ್ಬೇಡ ಮಗಾ."

"ಈಗ ಅದು ತಪ್ಪಲ್ಲ ತಾತ."

"ನಿನಗೇನ್ ಗೊತ್ತು? ಅವನು ಯಾರ ಕೈಕೆಳಗಿದ್ದಾನೋ ಏನೋ. ಆ ಮಾತು ಹೊಡೆದುಹಾಕು."

ನಾನು ಹೊಡೆದುಹಾಕಿದೆ.