ತಲೆ ಎರೆದುಕೊಂಡ ದಿನ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನಾನಿನ್ನೂ ಹೈಸ್ಕೂಲಿನ ಹುಡುಗಿ. ನಮ್ಮ ಖಾನಾಪುರದ ಮನೆಯಲ್ಲಿ ಅಕ್ಕನ ಗಂಡನನ್ನು ಹೊಗಳದವರೇ ಇರಲಿಲ್ಲ. ಬೆಳಗಾವಿಯಲ್ಲಿ ನೌಕರಿ, ನೆಹರು ನಗರದಲ್ಲಿ ಬಾಡಿಗೆ ಮನೆ, ಕುಡಿತ ಇಲ್ಲ, ಏರಿದ ದನಿ ಇಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ ಎಂಬುದನ್ನಂತೂ ಅಪ್ಪ ದೊಡ್ಡ ಪದವಿಯ ಹಾಗೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನನಗೆ ಮಾತ್ರ ಆ ಮನುಷ್ಯ ಮನೆಗೆ ಬಂದರೆ ಎದ್ದು ಹಿತ್ತಲಿಗೆ ಹೋಗಬೇಕೆನಿಸುತ್ತಿತ್ತು. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮದುವೆಯಾದ ಮೇಲೆ ಅಕ್ಕ ಒಬ್ಬಳೇ ತವರಿಗೆ ಬಂದದ್ದೇ ಇಲ್ಲ. ಪ್ರತಿ ಸಲ ಅವನೂ ಜೊತೆ. ಬೆಳಿಗ್ಗೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ವಾಪಸು. ಅವ್ವ ಮಗಳ ಹತ್ತಿರ ಕೂತರೆ ಅವನೂ ಪಕ್ಕದಲ್ಲೇ ಕುರ್ಚಿ ಎಳೆದುಕೊಳ್ಳುತ್ತಿದ್ದ. ಆ ವರ್ಷ ಪಂಚಮಿಗೆ ಬಂದಾಗ ಅವ್ವ ಚಹಾ ಸೋಸುತ್ತ, "ಸಕ್ರಿ ಇನ್ನಷ್ಟ ಹಾಕ್ಲೇನ?" ಎಂದು ಅಕ್ಕನನ್ನು ಕೇಳಿದಳು. ಅಕ್ಕ ಗಂಡನ ಮುಖ ನೋಡಿದಳು.

"ಆಕಿಗೆ ಸಕ್ರಿ ಕಡಿಮಿನ ಸೇರತೈತ್ರಿ ಅತ್ತಿಯವರ," ಎಂದ ಅವನು, ನಗುತ್ತ.

ಚಿಕ್ಕವಳಿದ್ದಾಗ ಡಬ್ಬಿಯಿಂದ ಸಕ್ಕರೆ ಕದ್ದು ಮುಕ್ಕುತ್ತಿದ್ದವಳು ಅಕ್ಕ. ಏಟು ಬೀಳುತ್ತಿದ್ದದ್ದು ನನಗೆ. ಅವ್ವ ಸೋಸುವುದನ್ನು ನಿಲ್ಲಿಸಿ ಮಗಳನ್ನೇ ನೋಡಿದಳು. ಆಮೇಲೆ ಏನೂ ಆಗದವಳಂತೆ, "ಹಬ್ಬಾ ಐತಿ, ಬಾ, ತಲಿ ಎರೀತೀನಿ," ಎಂದಳು.

ಬಚ್ಚಲಿಗೆ ಅವನು ಬರುವಂತಿರಲಿಲ್ಲ. ಸೀಗೆಕಾಯಿ ಕಲಸಿಕೊಡಲು ನನ್ನನ್ನು ಒಳಗೆ ಕರೆದು ಅವ್ವ ಅಗಳಿ ಹಾಕಿದಳು. ತಲೆಗೆ ಎಣ್ಣೆ ತಿಕ್ಕುತ್ತ, "ಹೊಡೀತಾನೇನ?" ಎಂದು ಕೇಳಿದಳು.

"ಇಲ್ಲಬೇ."

"ಮತ್ತ?"

"ಹೇಳಾಕ ಏನೂ ಇಲ್ಲಬೇ." ನೀರಿನ ಸಪ್ಪಳದಲ್ಲಿ ಅಕ್ಕನ ಮಾತು ಅರ್ಧವೇ ಕೇಳಿಸುತ್ತಿತ್ತು. "ಕೆಲಸಕ್ಕ ಹೋಗುಮುಂದ ಹೊರಗಿಂದ ಕೀಲಿ ಹಾಕ್ಕೊಂಡ ಹೋಗ್ತಾರ. ಬಾಜು ಮನಿಯಾಕಿ ಕೂಡ ಮಾತಾಡಿದ್ರ ನನ್ನ ಕೂಡ ಮಾತ ಬಿಡ್ತಾರ, ನಾ ತಪ್ಪಾತು ಅನ್ನೂತನಕ. ಏನ ತಪ್ಪಂತ ನನಗ ಗೊತ್ತಾಗಂಗಿಲ್ಲ."

ಹೊರಗಿನಿಂದ ಅವನು, "ಇನ್ನೂ ಆಗಲಿಲ್ಲೇನ?" ಎಂದು ಕೇಳಿದ. ಸಿಟ್ಟಿನ ದನಿಯೂ ಅಲ್ಲ. ಅಷ್ಟಕ್ಕೇ ಅಕ್ಕ ಕಣ್ಣಲ್ಲಿ ಸೀಗೆಕಾಯಿ ಇದ್ದಂತೆಯೇ ದಡಬಡಿಸಿ ಎದ್ದು ನಿಂತಳು. ಅವ್ವ ಭುಜ ಹಿಡಿದು ಮತ್ತೆ ಕೂರಿಸಿದಳು.

ಹೊರಗೆ ಬಂದ ಅವ್ವ ಸೆರಗು ಸರಿಮಾಡಿಕೊಂಡು, "ಎಣ್ಣಿ ಹಚ್ಚಿ ಎರದ ದಿನ ಮಗಳನ್ನ ತವರಮನಿಯಿಂದ ಕಳಿಸೂ ಪದ್ಧತಿ ನಮ್ಮಲ್ಲಿಲ್ರಿ. ನೀವು ಹೋಗಿಬರ್ರಿ," ಎಂದಳು. ಪದ್ಧತಿ ಇದ್ದದ್ದು ನಿಜ, ಅದನ್ನು ಯಾರೂ ಅಷ್ಟು ಬಿಗಿಯಾಗಿ ಹಿಡಿಯುತ್ತಿರಲಿಲ್ಲ ಅಷ್ಟೆ. ಹಿರಿಯರಿಗೆ ಎದುರಾಡದ ಒಳ್ಳೆಯ ಅಳಿಯನೆಂಬ ಹೆಸರು ಅವನಿಗೂ ಬೇಕಾಗಿತ್ತು. ನಾಳೆ ಬರುತ್ತೇನೆಂದು ಹೊರಟ.

ಮರುದಿನ ಬಂದಾಗ ಅಕ್ಕನ ಕೂದಲು ಮತ್ತೆ ಒದ್ದೆ. ಅವ್ವ ಅದೇ ಮಾತು ಹೇಳಿದಳು. "ನಾಳಿ ಬರ್ತೀನಿ, ತಯಾರಾಗಿರು," ಎಂದು ಅವನು ಅಕ್ಕನಿಗೆ ಮೆಲ್ಲಗೆ ಹೇಳಿ ಹೋದ. ಆ ಮೆಲುದನಿಗೇ ಅಕ್ಕ ಊಟ ಬಿಟ್ಟಳು.

ಬಚ್ಚಲಲ್ಲಿ ಕೇಳಿದ್ದನ್ನು ಅವ್ವ ಸಂಜೆ ಹೇಳಿದಾಗ ಅಪ್ಪ ಸಿಡಿದ. "ಹೊಡ್ಯಂಗಿಲ್ಲ, ಬಡ್ಯಂಗಿಲ್ಲ. ಕಳ್ಳರ ಕಾಟಕ್ಕ ಕೀಲಿ ಹಾಕತಿರಬೇಕು. ಮಂದಿಗೆ ಏನಂತ ಹೇಳ್ಲಿ? ನಾಳಿ ಕಳಿಸಾಕಬೇಕು." ಅವ್ವ ವಾದ ಮಾಡಲಿಲ್ಲ. "ಆಕಿನ್ನ ಕೇಳ್ರಿ," ಎಂದಳು.

ಅಪ್ಪ ಅಕ್ಕನನ್ನು ಕರೆದು ಕೇಳಿದ. "ಹೋಗಾಕ ಮನಸ್ಸ ಐತೇನವಾ ನಿನಗ?"

ಅಕ್ಕ ಬಾಯಿ ತೆರೆದಳು. ಆಮೇಲೆ ಕತ್ತು ತಿರುಗಿಸಿ, ಗಂಡ ಬಂದಾಗಲೆಲ್ಲ ಕೂರುತ್ತಿದ್ದ ಕುರ್ಚಿಯ ಕಡೆ ನೋಡಿದಳು. ಕುರ್ಚಿ ಖಾಲಿ ಇತ್ತು. ಆದರೂ ಉತ್ತರ ಅಲ್ಲಿಂದಲೇ ಬರಬೇಕೆಂಬಂತೆ ನೋಡುತ್ತ ನಿಂತಳು. ಅಪ್ಪನೂ ಆ ಕುರ್ಚಿ ನೋಡಿದ. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅಪ್ಪ ಕಳಿಸುವುದೆಂದೇ ಗಟ್ಟಿ ಮಾಡಿದ್ದಾನೆ ಎಂದುಕೊಂಡೆ. ಬೆಳಿಗ್ಗೆ ಬಸ್ಸಿನ ಹಾರ್ನ್ ಕೇಳಿ ಹಿತ್ತಲಿಗೆ ಓಡಿದೆ. ಅವ್ವ ಇನ್ನೂ ಕಸ ಗುಡಿಸುತ್ತಿದ್ದಳು. ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು ಅಪ್ಪ. ಹುಟ್ಟಿದಾಗಿನಿಂದ ಒಲೆ ಮುಟ್ಟಿದವನಲ್ಲ. ಹಂಡೆಯ ಕೆಳಗೆ ಹಸಿ ಕಟ್ಟಿಗೆ ತುರುಕಿ ಮನೆಯೆಲ್ಲ ಹೊಗೆ ಎಬ್ಬಿಸಿದ್ದ. ಊದಿ ಊದಿ ಕಣ್ಣು ಕೆಂಪಾಗಿದ್ದವು.

ಅಳಿಯ ಬಂದಾಗ ಅಪ್ಪನೇ ಬಾಗಿಲಿಗೆ ಅಡ್ಡ ನಿಂತ. "ಇವತ್ತ ಆಕಿ ತಲಿ ಎರಕೊಳ್ಳಾಕತ್ತಾಳ್ರಿ."

"ಹಂಗಾರ ನಾಳಿ ಬರ್ಲೇನ್ರಿ ಮಾವಾರ?"

"ನಾಳಿಗೂ ನೀರ ಕಾಸ್ತೀನ್ರಿ," ಎಂದ ಅಪ್ಪ.