ಶ್ರೀಪಾದನ ವಿಮಾನದ ಬ್ರೇಕು

ಸೌತ್‌ಫೀಲ್ಡ್ ಊರಿನಲ್ಲಿ ಕಾರುಗಳ ಬ್ರೇಕ್ ವಿನ್ಯಾಸ ಮಾಡುವ ಶ್ರೀಪಾದ, ಹತ್ತಿರದ ವಿಕ್ಸಮ್ ಊರಿನ ಬಾಡಿಗೆ ಶೆಡ್ಡಿನಲ್ಲಿ ತಾನೇ ಒಂದು ಪುಟ್ಟ ವಿಮಾನ ಕಟ್ಟಿದ. ಹೆಂಡತಿ ವಸುಧಾಳನ್ನು ಮೊದಲ ಬಾರಿ ಕೂರಿಸಿಕೊಂಡು ಹಾರಿ ಇಳಿದಾಗ, ಅದು ರನ್‌ವೇ ದಾಟಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ.

"ಇದಕ್ಕೆ ಇನ್ನೂ ದೊಡ್ಡ ಬ್ರೇಕ್ ಹಾಕ್ಬೇಕು," ಎಂದ ಅವನು.

"ಬ್ರೇಕ್ ಸರಿಯಾಗೇ ಇದೆ ಕಣ್ರೀ. ಮೀಟರ್ ನಾನೂ ನೋಡ್ತಿದ್ದೆ. ನೀವು ಇಳಿಸಿದ್ದೇ ಜಾಸ್ತಿ ಸ್ಪೀಡಲ್ಲಿ," ಎಂದಳು ವಸುಧಾ.

ಅಷ್ಟು ಹಗುರವಾದ ವಿಮಾನದಲ್ಲಿ ಬಲವಾದ ಬ್ರೇಕನ್ನು ಜೋರಾಗಿ ಒತ್ತಿದರೆ ಮೂತಿ ನೆಲಕ್ಕೆ ಬಡಿಯಬಹುದೆಂದು ಅವನಿಗೂ ಗೊತ್ತಿತ್ತು. ಕೆಲವು ದಿನ ತೂಗಿ ನೋಡಿ ದೊಡ್ಡ ಬ್ರೇಕಿನ ಯೋಚನೆ ಬಿಟ್ಟ. ತರಬೇತಿ ಕೊಡುವವರೊಬ್ಬರ ಜೊತೆ ಇಳಿಸುವುದನ್ನೇ ಮತ್ತೆ ಕಲಿತ. ಎಲೆ ಉದುರುವ ಹೊತ್ತಿಗೆ ವಿಮಾನ ರನ್‌ವೇಯ ಅರ್ಧದಲ್ಲೇ ನಿಲ್ಲತೊಡಗಿತು. ವಸುಧಾ ಮಾತ್ರ ಮುಂದಿನ ಬೇಸಿಗೆಯವರೆಗೆ ಅದನ್ನು ಹತ್ತಲಿಲ್ಲ.