ಶಮ್ಶುನ್ನೀಸಾಳ ಹಿತ್ತಲ ಬೀನ್ಸ್

ಸಿಂದಗಿಯ ನಮ್ಮ ಓಣಿಯಲ್ಲಿ ಶಮ್ಶುನ್ನೀಸಾಳಿಗೆ ಎದುರಾಡುವವರು ಕಡಿಮೆ. ಇಪ್ಪತ್ತು ವರ್ಷ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವಳು, ಸೌಟು ಎತ್ತಿದರೆ ಸಾಕು, ಇನ್ನೂರು ಮಕ್ಕಳು ಸಾಲಾಗಿ ಕೂರುತ್ತಿದ್ದರು. ಅರವತ್ತು ತುಂಬಿತೆಂದು ಮನೆಗೆ ಕಳಿಸಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಇನ್ನು ಆರಾಮಾಗಿ ಕೂತು ಉಣ್ಣು. ಅದನ್ನು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ನನಗಾದರೂ ಉರಿಯುತ್ತಿತ್ತು ಬಿಡಿ.

ಮಗ ತಬ್ರೇಜ ಕೆಟ್ಟವನಲ್ಲ. ಗ್ಯಾರೇಜಿನಲ್ಲಿ ದುಡಿಯುತ್ತಾನೆ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಆದರೆ ಹಿತ್ತಲಿನ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆಂದು ಅಲ್ಲಿ ಪರಸಿ ಕಲ್ಲು ಹಾಸಿಸಲು ಹೊರಟಿದ್ದ. ದಸರಾ ಹೊತ್ತಿಗೆ ಕಲ್ಲಿನ ಚಪ್ಪಡಿಗಳು ಬಂದು ಗೋಡೆಗೆ ಒರಗಿಯೂ ಆಯಿತು. ತಾಯಿಯನ್ನು ಒಂದು ಮಾತು ಕೇಳಿರಲಿಲ್ಲ.

ಶಮ್ಶುನ್ನೀಸಾ ಸೀದಾ ಬಸ್ ಸ್ಟ್ಯಾಂಡ್ ಹತ್ತಿರದ ಬೀಜದ ಅಂಗಡಿಗೆ ಹೋಗಿ ಗಿಡ್ಡ ಬೀನ್ಸಿನ ಪಾಕೀಟು ತಂದಳು. ಹಂದರ ಬೇಡದ, ಮೊಣಕಾಲೆತ್ತರದ ಪೊದೆಯಾಗಿ ನಿಲ್ಲುವ ಜಾತಿ.

"ಈ ಎರಿ ಮಣ್ಣಾಗ ಬೀನ್ಸ್ ಎಲ್ಲಿ ಬರ್ತಾವಮ್ಮಾ?" ಎಂದ ತಬ್ರೇಜ.

"ನೋಡೇ ಬಿಡೂಣು. ಬರಲಿಲ್ಲಂದ್ರ ನಿನ್ನ ಪರಸಿ ಹಾಸ್ಕೋ. ಬಂದ್ರ, ಗಿಡ ಖಾಲಿ ಆಗೂತನಕ ಕಲ್ಲು ಮುಟ್ಟಬ್ಯಾಡ."

ಪಂದ್ಯವೇನೋ ಕಟ್ಟಿದಳು, ಮೊದಲ ಹೆಜ್ಜೆಯಲ್ಲೇ ಎಡವಿದಳು. ನಮ್ಮ ಕಡೆ ಹೆಂಗಸರ ಕೈಗೆ ಕಾಳು ಸಿಕ್ಕರೆ ಮೊದಲು ನೀರಿಗೆ ಹಾಕುವುದೇ. ಮಡಕಿ ಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಉಸಳಿ ಮಾಡುವ ಕೈ ಅದು. ಬೀನ್ಸ್ ಬೀಜಕ್ಕೂ ಅದೇ ಉಪಚಾರ ನಡೆಯಿತು. ಎರಡು ದಿನ ಬಟ್ಟೆಯಲ್ಲಿಟ್ಟು, ಮಣ್ಣಿಗೆ ಹಾಕಿ, ಮೇಲೆ ಎರಡು ಕೊಡ ನೀರು ಸುರಿದಳು. ಎರೆಮಣ್ಣು ಕುಡಿದ ನೀರನ್ನು ಬಿಡುತ್ತದೆಯೇ? ಹತ್ತು ದಿನವಾದರೂ ಏನೂ ಏಳಲಿಲ್ಲ. ಕೆದಕಿದರೆ ಬೀಜವೆಲ್ಲ ಕೊಳೆತು ಲೋಳೆಯಾಗಿತ್ತು.

"ಆಪಾ, ಇವೇನ್ ಉಸಳಿ ಮಾಡೂ ಕಾಳೇನ್ರಿ?" ಎಂದು ಪಕ್ಕದ ಮನೆಯ ರೇವವ್ವ ಗೋಡೆಯಾಚೆಯಿಂದ ನಕ್ಕಳು. ತಬ್ರೇಜ ನಗಲಿಲ್ಲ, ಪರಸಿ ಹಾಸುವ ಭೀಮಶ್ಯಾನಿಗೆ ಫೋನ್ ಹಚ್ಚಿದ. ಶಮ್ಶುನ್ನೀಸಾ ಅದನ್ನು ಕಸಿದುಕೊಂಡಳು.

"ಅರ್ಧ ಪಾಕೀಟ ಇನ್ನೂ ಉಳದೈತಿ, ಭೀಮಶ್ಯಾ. ನೀ ಬರಬ್ಯಾಡ."

ಈ ಸಲ ಮರಳು ಕಲಸಿ, ಮಣ್ಣು ಏರಿಸಿ ಒಡ್ಡು ಮಾಡಿದಳು. ಹಿಂದಿನ ದಿನವೇ ನೀರುಣಿಸಿ, ಒಣ ಬೀಜಗಳನ್ನು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ, ಅರ್ಧ ಗೇಣಿಗೊಂದರಂತೆ ಊರಿದಳು. ಆಮೇಲೆ ಮೊಳಕೆ ಏಳುವವರೆಗೆ ಕೊಡ ಮುಟ್ಟಲಿಲ್ಲ. ಅವಳಿಗೆ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಎಂಟನೇ ದಿನ ಮೊಳಕೆಗಳು ಕತ್ತು ಬಗ್ಗಿಸಿಕೊಂಡು ಮಣ್ಣು ಸೀಳಿ ಎದ್ದವು. ಹೊಸ ವರ್ಷದ ಹೊತ್ತಿಗೆ ಗಿಡದ ತುಂಬ ಕಾಯಿ. ರೇವವ್ವನ ಮನೆಗೂ ಒಂದು ಬುಟ್ಟಿ ಹೋಯಿತು, ಅವಳ ನಗುವಿಗೆ ಉತ್ತರವಾಗಿ.

ಗಿಡ್ಡ ಬೀನ್ಸ್ ಒಮ್ಮೆಲೇ ಬಿಟ್ಟು ಒಮ್ಮೆಲೇ ಮುಗಿಯುತ್ತದೆ. ಮೂರು ವಾರದಲ್ಲಿ ಎಲೆ ಹಳದಿಯಾದವು. ತಬ್ರೇಜ ಇದನ್ನೇ ಕಾಯುತ್ತಿದ್ದ. ಒಂದು ಭಾನುವಾರ ಭೀಮಶ್ಯಾನನ್ನು ಕರೆದುಕೊಂಡೇ ಹಿತ್ತಲಿಗೆ ಬಂದ. ಬಂದವನು ಹಾಗೇ ನಿಂತುಬಿಟ್ಟ. ಒಣಗಿದ ಗಿಡಗಳ ನಡುವೆ ಎಳೆಯ ಗಿಡಗಳ ಹೊಸ ಸಾಲೊಂದು ಎದ್ದಿತ್ತು. ಪಾಕೀಟಿನಲ್ಲಿ ಒಂದು ಹಿಡಿ ಬೀಜ ಉಳಿಸಿಟ್ಟಿದ್ದ ತಾಯಿ, ಹಳೆಯ ಗಿಡದಲ್ಲಿ ಕಾಯಿ ಇರುವಾಗಲೇ ಅದನ್ನು ಊರಿದ್ದಳು.

"ಇದು ಮೋಸ ಐತಮ್ಮಾ. ಹಿಂಗಾದ್ರ ಖಾಲಿ ಆಗೂದ್ ಯಾವಾಗ?"

ಶಮ್ಶುನ್ನೀಸಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿಡಗಳ ನಡುವೆಯೇ ಕೂತಳು. "ಇಪ್ಪತ್ತ ವರ್ಷ ಮಂದಿ ಹೇಳಿದ್ದ ಬೇಯಿಸೇನಿ. ಈಗ ನನಗ ಬೇಕಾದ್ದ ಬೆಳೀತೇನಿ. ನಾ ಸತ್ತ ಮ್ಯಾಲ ಹಿತ್ತಲ ತುಂಬ ಪರಸಿ ಹಾಸ್ಕೋ, ಬ್ಯಾಡ ಅನ್ನಂಗಿಲ್ಲ. ಖರೇ ನನ್ನ ಗೋರಿ ಮ್ಯಾಲ ಒಂದೂ ಕಲ್ಲ ಇಡಬ್ಯಾಡ. ಅಲ್ಲಿಯಾದ್ರೂ ನನಗ ಮಣ್ಣ ಇರ್ಲಿ."

ತಬ್ರೇಜನ ಕಣ್ಣು ತುಂಬಿದವು. "ಸಾಯೂ ಮಾತ್ ಯಾಕ ಆಡ್ತಿ" ಎನ್ನುತ್ತ, ಭೀಮಶ್ಯಾನ ಜೊತೆ ತಾನೇ ಕೈ ಹಚ್ಚಿ ಚಪ್ಪಡಿಗಳನ್ನು ಬೀದಿ ಬಾಗಿಲಿಗೆ ಸಾಗಿಸಿದ. ಶಮ್ಶುನ್ನೀಸಾ ಅಂದು ಇಬ್ಬರಿಗೂ ಚಹಾ ಮಾಡಿಕೊಡಲಿಲ್ಲ. ಅವಳಿಗೆ ಹೊಸ ಸಾಲಿಗೆ ನೀರು ಬಿಡುವುದಿತ್ತು.